ಐದನೇ ಚಟುವಟಿಕೆ

ಓಕಳಿಪುರದ ನಮ್ಮ ಶಾಲೆಗೆ
ಶುಕ್ರವಾರ ಒಂದು ಪೆಟ್ಟಿಗೆ ಬಂತು.
ಮೂರು ಮಹಡಿ ಹೊತ್ತು ತಂದ ಹುಡುಗ
ಸಹಿ ಹಾಕಿಸಿಕೊಂಡು ಹೋದ.
ನೀರು ಬೇಕಾ ಎಂದು ನಾನು ಕೇಳಲಿಲ್ಲ.

ಒಳಗೆ, ಲ್ಯಾಮಿನೇಟ್ ಮಾಡಿದ ಹನ್ನೆರಡು ಮುಖ,
ನಕ್ಕದ್ದು, ಅತ್ತದ್ದು, ಮುನಿದದ್ದು, ಬೆಚ್ಚಿದ್ದು,
ಎಲ್ಲವೂ ಗೋಧಿ ಬಣ್ಣದವು;
ಎರಡು ಬಟ್ಟೆಗೊಂಬೆ, ಒಂದು ಕೈಪಿಡಿ,
ತುಂಬಿ ಕಳಿಸಬೇಕಾದ ನಮೂನೆ:
'ಸಹಾನುಭೂತಿ, ಮೊದಲು ಎಷ್ಟು? ನಂತರ ಎಷ್ಟು?'

ಒಂದು ಮುಖ ಎತ್ತಿ ಹಿಡಿದೆ.
ಇವನಿಗೆ ಏನಾಗಿದೆ?
'ಹೊಟ್ಟೆನೋವು ಮಿಸ್.'
'ಅವರಪ್ಪ ಕುಡಿದು ಬಂದವ್ರೆ ಮಿಸ್.'
'ಏನೂ ಆಗಿಲ್ಲ, ಫೋಟೋ ತೆಗಿಯೋರು ಅಳು ಅಂದವ್ರೆ.'
ಕೊನೆಯದು ಅರುಳ್‌ನ ಉತ್ತರ.
ಕೈಪಿಡಿಯ ಉತ್ತರ: ದುಃಖ.

ತುಮಕೂರಿನ ರೈಲು ದಾಟುವಷ್ಟು ಹೊತ್ತು
ಎಂದಿನಂತೆ ಬಾಯಿ ಮುಚ್ಚಿ ಕುಳಿತೆವು.

ಐದನೇ ಚಟುವಟಿಕೆ.
'ಮಕ್ಕಳು ಪಾದರಕ್ಷೆ ಅದಲುಬದಲು ಮಾಡಿಕೊಂಡು
ಇಪ್ಪತ್ತು ಹೆಜ್ಜೆ ನಡೆಯಲಿ.
ಇನ್ನೊಬ್ಬರ ಬದುಕನ್ನು ಕಲ್ಪಿಸಿಕೊಳ್ಳಲಿ.
ಸಮಯ: ಹದಿನೈದು ನಿಮಿಷ.'

ಬಾಗಿಲಾಚೆ ಎಲ್ಲ ಬಿದ್ದಿದ್ದವು,
ತಬಸ್ಸುಮ್‌ದು ಪ್ಲಾಸ್ಟಿಕ್ ಹೂವಿನದು,
ಅಣ್ಣನಿಗೆ ಚಿಕ್ಕದಾಗಿ ತಮ್ಮನಿಗೆ ದೊಡ್ಡದಾದ ಬೂಟು,
ಪಿನ್ನು ಚುಚ್ಚಿದ ಹವಾಯಿ ಮೂರು ಜೊತೆ.

ಮೋಕ್ಷಿತ್ ಹಿಂದೆ ಸರಿದ.
'ನಮ್ಮಜ್ಜಿ ಬೈತಾರೆ ಮಿಸ್,
ಎಲ್ಲಾರ್ದೂ ಹಾಕ್ಕೋಬಾರ್ದು.'
ಎಲ್ಲಾರ್ದೂ ಅಂದರೆ ಯಾರದ್ದು ಅಂತ
ಅವನು ಹೇಳಲಿಲ್ಲ. ಯಾರೂ ಕೇಳಲಿಲ್ಲ.
ಅರುಳ್ ತನ್ನ ಚಪ್ಪಲಿ,
ಅವರಪ್ಪ ಸ್ಟೇಷನ್ನಿನ ಮುಂದೆ ಕೂತು ಹೊಲಿದದ್ದು,
ಕಾಲಿನಿಂದಲೇ ಗೋಡೆಯ ಕಡೆ ತಳ್ಳಿಕೊಂಡ.

ಇದಕ್ಕೆ ಕೈಪಿಡಿಯಲ್ಲಿ ಪುಟ ಇರಲಿಲ್ಲ.

ಆಗ ಹುಲಿಗೆಮ್ಮ, ದೇವದುರ್ಗದಿಂದ
ಮೆಟ್ರೋ ಕೆಲಸದ ಜೊತೆ ಬಂದವಳು,
ಕೆಲಸ ಮುಗಿದರೆ ಹೆಸರು ಹೊಡೆಸಿಕೊಂಡು ಹೋಗುವವಳು,
ತನ್ನ ಪಾದ ತಾನೇ ನೋಡಿಕೊಂಡು ಕೇಳಿದಳು:
'ನಂದು ಯಾರು ಹಾಕ್ಕೊಂತಾರ್ರಿ ಮಿಸ್?'

ಮಾರ್ಚ್ ತಿಂಗಳು. ಹನ್ನೆರಡೂವರೆ.
ಅಂಗಳದ ಸಿಮೆಂಟು ಕಾದ ಕಾವಲಿ.
ತಬಸ್ಸುಮ್ ಬರಿಗಾಲಲ್ಲಿ ಇಳಿದಳು,
ಏಳನೇ ಹೆಜ್ಜೆಗೆ ಚೀರಿ ನೆರಳಿಗೆ ಓಡಿದಳು.
ಹುಲಿಗೆಮ್ಮನಿಗೆ ನಗು ತಡೆಯಲಿಲ್ಲ.
'ಹಂಗಲ್ಲ ಅದು. ಬೆರಳಿನ ಮ್ಯಾಲ ನಡೀಬೇಕು.
ಬಾ, ಕಲಸ್ತೀನಿ.'

ಒಬ್ಬೊಬ್ಬರಾಗಿ ಇಳಿದರು, ಕುಣಿದರು, ಕಿರುಚಿದರು.
ಮೋಕ್ಷಿತ್ ಕೂಡ ಇಳಿದ;
ಬರಿಗಾಲಿನಲ್ಲಿ ಯಾರ ಚಪ್ಪಲಿಯೂ ಇರಲಿಲ್ಲವಲ್ಲ.

ಅರುಳ್ ಇಳಿಯಲಿಲ್ಲ.
ನನ್ನ ಕಾಲನ್ನೇ ನೋಡುತ್ತಿದ್ದ,
ಇನ್ನೂ ಬಿಚ್ಚದ ನನ್ನ ಸ್ಯಾಂಡಲ್ಲನ್ನು.
ಹೋದ ವಾರ ಪಾಯಿಖಾನೆ ಕಟ್ಟಿಕೊಂಡಾಗ
'ಕೋಲು ತಗೊಂಡು ಬಾರೋ' ಎಂದು ಕೂಗಲು
ಹಾಜರಿಯ ನಲವತ್ತೊಂದು ಹೆಸರಲ್ಲಿ
ನನ್ನ ಬಾಯಿಗೆ ಬಂದದ್ದು ಯಾವುದು,
ಅವನಿಗೂ ಗೊತ್ತು. ನನಗೂ.

ಇನ್ನೊಂದು ರೈಲು ಬಂತು.
ಗೂಡ್ಸು. ಉದ್ದದ್ದು. ಬದುಕಿದೆ.

ನಮೂನೆ ಮೇಜಿನ ಮೇಲಿದೆ, ಸೋಮವಾರ ಕಡೆಯ ದಿನ.
'ನಂತರ' ಬಿಡಿ,
'ಮೊದಲು' ಎಂಬ ಕಲಮ್ಮಿಗೇ ಪೆನ್ನು ಇಳಿಯುತ್ತಿಲ್ಲ.
ಹಾಳೆ ಹಾರದಿರಲೆಂದು ಮೇಲೆ ಇಟ್ಟಿದ್ದೇನೆ
ಕೈಗೆ ಸಿಕ್ಕಿದ್ದನ್ನು:
ಪಾಯಿಖಾನೆಯ ಬೀಗದ ಕೈ.