ಕ್ಲೇಮ್ ಫಾರಂ

ಸಿದ್ದಾಪುರದ ನನ್ನ ಜೆರಾಕ್ಸ್ ಅಂಗಡಿಗೆ
ಮಂದಪ್ಪ ಬಂದದ್ದು ನಡೆದುಕೊಂಡೇ.
ಜೀಪಿಗೆ ಆನೆ ಹೊಡೆದು ಇವತ್ತಿಗೆ ಒಂಬತ್ತು ದಿನ.
ಇನ್ಶೂರೆನ್ಸಿನವರಿಗೆ ಎಲ್ಲ ಇಂಗ್ಲಿಷಿನಲ್ಲೇ ಬೇಕಂತೆ.

ಬಾನೆಟ್ಟು?
‘ಡೆಂಟ್ ಅಂತ ಹಾಕಮ್ಮ.’
ಫೋಟೋ ನೋಡಿದೆ. ನೆಗ್ಗಿದ್ದಲ್ಲ ಅದು,
ಅಕ್ಕಿರೊಟ್ಟಿ ತಟ್ಟಿದ ಹಾಗೆ ಅದುಮಿಬಿಟ್ಟಿದೆ.
ಡೆಂಟ್ ಅಂದರೆ ಐನೂರು ಕೊಟ್ಟು ಕಳಿಸುತ್ತಾರೆ.
ಕ್ರಷ್ಡ್, ಅಂತ ಒತ್ತಿದೆ.

ಮುಂದಿನ ಗಾಜು?
‘ಒಡೆದಿದೆ.’
ನಮ್ಮಲ್ಲಿ ಎಲ್ಲಕ್ಕೂ ಅದೇ,
ಹಾಲೂ ಒಡೆಯುತ್ತದೆ, ಹಿಮ್ಮಡಿಯೂ, ಮನೆಯೂ.
ಅವರಲ್ಲಿ ಒಂದೊಂದಕ್ಕೆ ಒಂದೊಂದು ರೇಟು:
ಕ್ರ್ಯಾಕ್ ಆದ ಗಾಜಿನಾಚೆ ಇನ್ನೂ ದಾರಿ ಕಾಣುತ್ತದೆ,
ಶ್ಯಾಟರ್ ಆದದ್ದು ಮಡಿಲಿಗೆ ಬೀಳುತ್ತದೆ.
ನಿಮ್ಮದು ಯಾವುದು?
ಜೇಬಿನಿಂದ ಒಂದು ಹರಳು ತೆಗೆದು
ಕೀಬೋರ್ಡಿನ ಪಕ್ಕ ಇಟ್ಟರು.

ಬಾಗಿಲಲ್ಲಿ ದಂತದ ತೂತು.
ಪಂಕ್ಚರ್? ಅದು ಟೈರಿಗೆ.
ಪಿಯರ್ಸ್ಡ್? ಅದು ಕಿವಿಗೆ.
‘ನನ್ನ ಮುಷ್ಟಿ ಸಲೀಸಾಗಿ ಹೋಗುತ್ತೆ’ ಎಂದರು.
ಹೋಲ್, ಎಂದಷ್ಟೇ ಬರೆದೆ.

ಗೇರು, ಸೀಟು, ಎಡಗಡೆ ಕನ್ನಡಿ ಮುಗಿದು
ಹಾರ್ನ್ ಒಂದು ಉಳಿಯಿತು.
ಮಂದಪ್ಪ ಟೋಪಿಯನ್ನು ಕೈಯಲ್ಲೇ ತಿರುಗಿಸಿದರು.
‘ಹಿಂದೆ ಮರಿಯಿತ್ತು. ನಾನು ನೋಡಲಿಲ್ಲ.
ಒತ್ತಿದೆ.’

ಕರ್ಸರ್ ಮಿಣುಕುತ್ತಿತ್ತು.
ಹೊರಗೆ ವಿರಾಜಪೇಟೆ ಬಸ್ಸು
ಯಾರದೋ ಸ್ಕೂಟರಿಗೆ ಹಾರ್ನ್ ಹೊಡೆಯಿತು;
ಅವರ ಹೆಗಲು ಮೇಲೆದ್ದದ್ದು
ಬಸ್ಸು ಹೋದ ಮೇಲೂ ಇಳಿಯಲಿಲ್ಲ.

ಫಾರಮ್ಮಿನಲ್ಲಿ ಗಾಡಿಯ ಭಾಗಗಳಿಗೆ ಮಾತ್ರ ಜಾಗ.
ಹಾರ್ನ್ ಸರಿಯಿದೆಯಾ, ಎಂದು ಕೇಳಿದೆ.
‘ಅದಕ್ಕೇನೂ ಆಗಿಲ್ಲ.’

ವರ್ಕಿಂಗ್,
ಒಂದೊಂದೇ ಅಕ್ಷರ, ಸದ್ದಾಗದ ಹಾಗೆ
ಒತ್ತಿದೆ.