ಕಾಗೆಕಾಲು ಗುಬ್ಬಿಕಾಲು

ಅಪ್ಪ ಚನ್ನಿಗರಾಯಪ್ಪ
ಕಾಟನ್‌ಪೇಟೆಯ ಅಚ್ಚುಕೂಟದಲ್ಲಿ
ಮೂವತ್ತೊಂದು ವರ್ಷ ಮೊಳೆ ಜೋಡಿಸಿದ.
ಮದುವೆಯ ಕರೆಯೋಲೆ, ಬಾಡಿಗೆ ರಸೀದಿ,
ವೈಕುಂಠ ಸಮಾರಾಧನೆಯ ಕಾರ್ಡು,
ಪೇಟೆಯ ಸುದ್ದಿಯನ್ನೆಲ್ಲ ಪೇಟೆಗಿಂತ ಮೊದಲು
ತಲೆಕೆಳಗಾಗಿ ಓದಿದವನು.

ಅಕ್ಕ ಸರ್ವಮಂಗಳೆಯ ಅಕ್ಷರ ಮುತ್ತು ಪೋಣಿಸಿದ ಹಾಗೆ.
ನನ್ನದು ಕಾಗೆಕಾಲು ಗುಬ್ಬಿಕಾಲು.
ಬಹುಮಾನದ ಸ್ಟೀಲು ತಟ್ಟೆಯ ಮೇಲೆ ಅವಳ ಹೆಸರು ಕೊರೆದಿತ್ತು.
ಆ ತಟ್ಟೆಯಲ್ಲೇ ನಾನು ಉಂಡು ಬೆಳೆದೆ.
ತಿಂದು ಮುಗಿಸಿದಾಗಲೆಲ್ಲ
ಅನ್ನದ ಕೆಳಗಿಂದ ಅಕ್ಕ ಏಳುತ್ತಿದ್ದಳು.

ಒಂದು ಮಂಗಳವಾರ ಅಪ್ಪನಿಗೆ ಲಕ್ವ ಹೊಡೆಯಿತು.
ಬಲಗೈ ಹೋಯಿತು, ಮಾತೂ ಹೋಯಿತು.
ಎಡಗೈಗೆ ಸ್ಲೇಟು ಕೊಟ್ಟೆವು.
ತಲಕಟ್ಟು ಜಾರಿತ್ತು,
ಕೊಂಬು ಎತ್ತಲೋ ತಿರುಗಿತ್ತು,
ಒತ್ತಕ್ಷರ ತನ್ನ ಅಕ್ಷರವನ್ನು ಬಿಟ್ಟು
ದೂರದಲ್ಲಿ ಬೇರೆ ಸಂಸಾರ ಹೂಡಿತ್ತು.
ಅಮ್ಮ ಅತ್ತಳು. ಅಕ್ಕ ದೀಪ ಹತ್ತಿರ ತಂದಳು.
ನಾನು ಇಣುಕಿ ಹೇಳಿದೆ:
‘ಸಾರಿಗೆ ಉಪ್ಪು ಕಮ್ಮಿ ಅಂತಿದಾನೆ.’
ಅಪ್ಪನ ಅರ್ಧ ಮುಖ ನಕ್ಕಿತು.

ಅಷ್ಟೇ.
ಆಮೇಲೆ ನಾಲ್ಕು ವರ್ಷ ನಾನೇ ಅವನ ನಾಲಿಗೆ.

ಈಗ ಮಾರ್ಕೆಟ್ಟಿನಲ್ಲಿ ಬಾಳೆ ಎಲೆ ಮಾರುತ್ತೇನೆ.
ಒಂಬತ್ತಕ್ಕೆಲ್ಲ ಕಟ್ಟು ಖಾಲಿ.
ರಸ್ತೆ ದಾಟಿದರೆ ವಿಕ್ಟೋರಿಯಾ ಆಸ್ಪತ್ರೆ,
ಅಪ್ಪನ ಮಾತ್ರೆಗೆಂದು ನಾಲ್ಕು ವರ್ಷ
ಸಾಲು ನಿಂತ ಜಾಗ.
ಅಲ್ಲೇ ಮೊದಲ ಸಲ ಒಬ್ಬ ಮುದುಕಿ ಚೀಟಿ ಚಾಚಿದ್ದು,
‘ಇದೇನಂತ ಓದವ್ವ’ ಅಂದದ್ದು.
ಅದು ಇಂಗ್ಲಿಷು. ಇರಲಿ.
ನಡುಗುವ ಕೈಗೂ ಅವಸರದ ಕೈಗೂ
ಗೀಚುವ ಭಾಷೆ ಒಂದೇ.
‘ಊಟ ಆದ ಮೇಲೆ ಎರಡು ಹೊತ್ತು.
ಬಿಳೀದು ನಿದ್ದೆಗಲ್ಲ, ನರಕ್ಕೆ.’
ಅವಳು ಸೆರಗಿನ ತುದಿಗೆ ಎರಡು ಗಂಟು ಹಾಕಿಕೊಂಡಳು,
ಎರಡು ಹೊತ್ತಿಗೆ.

ಅನುಮಾನ ಬಂದರೆ ಓದುವುದಿಲ್ಲ.
ಒಳಗೆ ಹೋಗಿ ಆ ಎಳೆಯ ಡಾಕ್ಟರನ್ನೇ ಕೇಳುತ್ತೇನೆ.
ಬೈಯುತ್ತಾರೆ, ಹೇಳುತ್ತಾರೆ.
ಇದನ್ನು ಕಲಿತದ್ದು ದಸ್ತಗೀರ್ ಸಾಬರಿಂದ.
ಚೀಟಿಯಲ್ಲಿದ್ದದ್ದು ಅರ್ಧ ಮಾತ್ರೆ, ನಾನು ಒಂದು ಅಂದಿದ್ದೆ.
ತಪ್ಪು ಹೊಳೆದಾಗ ಅವರು ಗೇಟು ದಾಟಿಯಾಗಿತ್ತು.
ಕಲಾಸಿಪಾಳ್ಯದವರೆಗೆ ಓಡಿದೆ, ಚಪ್ಪಲಿ ಕೈಯಲ್ಲಿ,
ಕನಕಪುರದ ಬಸ್ಸು ಹತ್ತಿ ಹತ್ತಿ ಇಳಿದೆ.
ಮೂರನೆಯದರಲ್ಲಿ ಸಿಕ್ಕರು, ಕಿಟಕಿಯ ಪಕ್ಕ,
ಆಗಲೇ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ.
‘ಅರ್ಧ, ಅರ್ಧ!’ ಎಂದು ನಾನು ಕೂಗಿದ್ದು ಕೇಳಿ
ಕಂಡಕ್ಟರು ನನಗೆ ಅರ್ಧ ಟಿಕೆಟು ಕೊಡಲು ಹೊರಟ.

ಅಕ್ಕನ ಮಗಳು ಪ್ರಣತಿ ನಿನ್ನೆ ಬಂದಿದ್ದಳು.
ಕಾಲೇಜಿನಲ್ಲಿ ಏನೋ ಬರೆಯಬೇಕಂತೆ:
ಮನೆಯ ಹಿರಿಯರೊಬ್ಬರನ್ನು ಕೇಳಿ,
ನಿಮ್ಮ ಜೀವನದ ಗುರಿ ಏನು?
ಗುರಿ ಬಿಲ್ಲು ಹಿಡಿದವರಿಗೆ ಕಣೇ, ಅಂದೆ.
ನನಗೆ ಗುರಿ ಗೊತ್ತಿಲ್ಲ, ಗುರುತು ಹಿಡೀತೀನಿ.
‘ಇದನ್ನು ಬರೆದರೆ ಮಾರ್ಕ್ಸ್ ಬರಲ್ಲ ಚಿಕ್ಕಮ್ಮ’
ಅನ್ನುತ್ತಲೇ ಬರೆದುಕೊಂಡಳು.
ಬಗ್ಗಿ ನೋಡಿದೆ: ಕಾಗೆಕಾಲು ಗುಬ್ಬಿಕಾಲು.
ಹೊಟ್ಟೆಯೊಳಗೆ ಏನೋ ತಣ್ಣಗಾಯಿತು.

ಟ್ರಂಕಿನಿಂದ ಅಪ್ಪನ ಸ್ಲೇಟು ತೆಗೆದೆ.
ಕೊನೆಯ ರಾತ್ರಿ ಬರೆದದ್ದು, ಒಂದೇ ಸಾಲು,
ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ, ಒರೆಸಿಲ್ಲ.
ಊರವರ ಚೀಟಿಯೆಲ್ಲ ಓದಿದವಳಿಗೆ
ಇದು ಮಾತ್ರ ಇಂದಿಗೂ ಬಾಯಿ ಬಿಟ್ಟಿಲ್ಲ.
ನನ್ನ ಹೆಸರೋ,
ಇನ್ನೊಂದು ಗುಟುಕು ನೀರೋ.

ಪ್ರಣತಿ ಬಹಳ ಹೊತ್ತು ನೋಡಿದಳು.
ಆಮೇಲೆ, ಯಾರೂ ಹೇಳಿಕೊಡದೆಯೇ,
ಸ್ಲೇಟನ್ನು ತಲೆಕೆಳಗು ಮಾಡಿದಳು.
ಗೋಡೆಯ ಕನ್ನಡಿಗೆ ಹಿಡಿದಳು.

ನಾನು ಉಸಿರೆತ್ತಲಿಲ್ಲ.
‘ಒಂದು ನಿಮಿಷ ಇರು ಚಿಕ್ಕಮ್ಮ’ ಅಂದಳು.
ಕನ್ನಡಿಯಲ್ಲಿ
ಅವಳ ತುಟಿ ಅಲುಗುತ್ತಿತ್ತು.