ಟಾಲಿ, ಬರೀ ಟಾಲಿ

ತೊಟ್ಟಿಲ ಪಕ್ಕ ನಿಂತು ಮಗಳು ಟ್ಯಾಮ್ಸಿನ್ ಹೇಳಿದಳು:
ಹೆಸರು ನಿಶ್ಚಯವಾಯಿತಮ್ಮ. ಟಾಲಿ.
ಸರಿ, ಕರೆಯಲಿಕ್ಕೆ ಅದು. ಬರೆಯಲಿಕ್ಕೆ?
ಬರೆಯಲಿಕ್ಕೂ ಅದೇ.

ಬಟಾಟೆ ಸುಲಿಯುತ್ತಿದ್ದೆ. ಚಾಕು ನಿಂತಿತು.
ಡಾಕ್ಟರ್ ಟಾಲಿ ಅಂತ ಬಾಗಿಲ ಮೇಲಿದ್ದರೆ
ಯಾರಮ್ಮಾ ಹೊಟ್ಟೆ ಕೊಯ್ಸಿಕೊಳ್ಳಲು ಒಳಗೆ ಹೋಗುತ್ತಾರೆ?
ನ್ಯಾಯಾಧೀಶ ಟಾಲಿ ಶಿಕ್ಷೆ ಕೊಟ್ಟರೆ
ಕಳ್ಳ ನಗುತ್ತಲೇ ಜೈಲಿಗೆ ಹೋದಾನು.
ಅಳಿಯ ಜೋರಿ ನಕ್ಕ. ನಾನು ನಗಲಿಲ್ಲ.

ಅದು ನನ್ನ ಗಂಡನ ಹೆಸರು.
ಅಲ್ಲ, ಗಂಡನ ಹೆಸರು ಬಾರ್ಥಾಲಮ್ಯೂ.
ಹದಿನಾರಕ್ಕೇ ನ್ಯೂಲಿನ್ ಬಂದರಿನಲ್ಲಿ
ಬಂಗಡೆ ದೋಣಿ ಹತ್ತಿದ ಹುಡುಗ.
ಬಿರುಗಾಳಿಯಲ್ಲಿ ಕೂಗುವ ಹೆಸರು
ಎರಡು ಅಲೆಗಳ ನಡುವೆ ಹಿಡಿಸಬೇಕು.
ಬಾರ್ ಎಂಬುದನ್ನು ಗಾಳಿ ತಿಂದಿತು,
ಮ್ಯೂ ಎಂಬುದು ತಮ್ಮದೇ ಎಂದು
ಕಡಲಹಕ್ಕಿಗಳು ಕಚ್ಚಿಕೊಂಡು ಹೋದವು,
ಉಳಿದದ್ದು ಟಾಲಿ.

ಚಿಕ್ಕ ಹೆಸರು ಇಡುವಂಥದ್ದಲ್ಲ ಹುಡುಗಿ, ಸವೆಯುವಂಥದ್ದು.
ನಮ್ಮ ಹಿತ್ತಲ ಮೆಟ್ಟಿಲು ನೋಡು,
ನಡು ತಗ್ಗಿ ತಟ್ಟೆಯಾಗಿದೆ,
ಮಳೆ ನಿಂತರೆ ಗುಬ್ಬಚ್ಚಿ ಮೀಯುತ್ತದೆ ಅದರಲ್ಲಿ.
ನಾಲ್ಕು ತಲೆಮಾರಿನ ಬೂಟು ಬೇಕಾಯಿತು ಅದಕ್ಕೆ.
ಹೊಸ ಮೆಟ್ಟಿಲನ್ನೇ ಸವೆಸಿ ಹಾಕಿಸುತ್ತಾರೆಯೇ ಯಾರಾದರೂ?
ಮುದ್ದನ್ನೂ ಸರ್ಕಾರಕ್ಕೆ ಕೊಟ್ಟುಬಿಟ್ಟರೆ
ಮನೆಯೊಳಗೆ ಕರೆಯಲು ನಮಗೇನು ಉಳಿಯಿತು?

ನನ್ನ ಹೆಸರೂ ಹಾಗೇ ಅಲ್ಲವಾ, ಎಂದಳು.
ಯಾವ ಕಾಲದ್ದೋ ಥಾಮಸೀನಾಳನ್ನು
ಯಾರೋ ಅವಸರದಲ್ಲಿ ಊಟಕ್ಕೆ ಕರೆದದ್ದು.
ಇಟ್ಟವಳು ನೀನೇ.
ಅದು ಹಳೆಯದು, ಅಂದೆ.
ಸೋಲುವವರ ಮಾತು ಅದು, ನನಗೂ ಗೊತ್ತಿತ್ತು.

ಆಮೇಲೆ ಅವಳು, ಮಗುವಿನ ಕಾಲ್ಚೀಲ ಎಳೆದು ಸರಿಮಾಡುತ್ತ,
ಮೆಲ್ಲಗೆ:
ಅಪ್ಪನ ಮಣ್ಣಿಗೆ ಎಷ್ಟು ಜನ ಬಂದಿದ್ದರಮ್ಮಾ?

ಹನ್ನೊಂದು. ಪಾದ್ರಿಯೂ ಸೇರಿ.

ಅಂಚೆಕಚೇರಿಯ ಗಾಜಿಗೆ ನಾನೇ ಚೀಟಿ ಅಂಟಿಸಿದ್ದೆ.
ಕಪ್ಪು ಅಂಚು, ದುಂಡು ಅಕ್ಷರ:
ಬಾರ್ಥಾಲಮ್ಯೂ ಟ್ರೆಂಬಾತ್, ಎಪ್ಪತ್ತೊಂದು ವರ್ಷ.
ನಾವು ಅವನನ್ನು ಇಳಿಸುವ ಹೊತ್ತಿಗೆ ಇನ್ನೂರು ಗಜ ಕೆಳಗೆ
ಅವನ ಜೊತೆ ಮೂವತ್ತು ವರ್ಷ ಬಲೆ ಎಳೆದವರು
ಪೆಟ್ಟಿಗೆಗಳಿಗೆ ಐಸು ಸುರಿಯುತ್ತಿದ್ದರು.
ವಾರ ಕಳೆದು ಒಬ್ಬ ಬಾಗಿಲು ತಟ್ಟಿದ:
ಟಾಲಿ ಈ ಕಡೆ ಕಾಣಲೇ ಇಲ್ಲವಲ್ಲ, ಮೈ ಸರಿಯಿಲ್ಲವೆ?
ಆಮೇಲೆ ಒಬ್ಬೊಬ್ಬರೇ ಬಂದರು, ಟೋಪಿ ಹಿಂಡುತ್ತ,
ಗೊತ್ತಾಗಲಿಲ್ಲ ಲವ್‌ಡೇ, ಯಾರೋ ಅಂದುಕೊಂಡೆವು.

ಯಾರೋ.
ಐವತ್ತೈದು ವರ್ಷ ಕರೆದಾಗಲೆಲ್ಲ ಓಗೊಟ್ಟವನು
ಕೊನೆಗೆ ಮಣ್ಣಾದದ್ದು ಯಾರೋ ಆಗಿ.
ಅಷ್ಟು ಚೆಂದದ ಅಕ್ಷರದಲ್ಲಿ.

ಬಟಾಟೆ ಕೈಜಾರಿ ನೀರಿಗೆ ಬಿತ್ತು.
ಊಟದ ತನಕ ಯಾರೂ ಹೆಸರೆತ್ತಲಿಲ್ಲ.

ಪೆನ್ಜಾನ್ಸ್‌ನ ನೋಂದಣಿ ಕಚೇರಿ. ಹಸಿರು ಕನ್ನಡಕದ ಹೆಂಗಸು
ಟೈಪು ಮಾಡುತ್ತ ಕೇಳಿದಳು:
ಟಾಲಿ, ಸರಿ. ಪೂರ್ತಿ ಹೆಸರು?
ಇದೇ ಪೂರ್ತಿ, ಅಂದೆ
ನಾನು.
ಟ್ಯಾಮ್ಸಿನ್ ನನ್ನ ಕಡೆ ತಿರುಗಿದಳು.
ನನಗೆ ಕಿಟಕಿಯಾಚೆ ಏನೋ ನೋಡುವುದಿತ್ತು.

ಈಗ ರಾತ್ರಿ ಮೂರು ಗಂಟೆ. ಅವರಿಬ್ಬರೂ ಸತ್ತಂತೆ ಮಲಗಿದ್ದಾರೆ.
ನನ್ನ ಹೆಗಲ ಮೇಲೆ ಇವನು, ಹಾಲಿನ ಹುಳಿ ವಾಸನೆ,
ಅಡಿಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡಿಗೆಮನೆಗೆ.
ಟಾಲಿ ಅಂದರೆ ಅಳು. ಟಾಲೀ ಅಂದರೆ ಇನ್ನೂ ಜೋರು.
ಹೊರಗೆಲ್ಲ ಅದೇ ಆಯಿತಲ್ಲ ಮಗನೇ,
ದಾದಿ, ಲಸಿಕೆ ಚೀಟಿ, ನಾಳೆ ಶಾಲೆ,
ಊರಿಗೆಲ್ಲ ನೀನು ಟಾಲಿ.
ಕಿವಿಗೆ ತುಟಿ ಹಚ್ಚಿ, ಕಳ್ಳಿಯ ಹಾಗೆ,
ಒಂದೊಂದೇ ಬಿಡಿಸಿ ಹೇಳುತ್ತೇನೆ:
ಬಾರ್. ಥಾ.

ಅಷ್ಟಕ್ಕೇ ಕತ್ತು ವಾಲಿತು.
ಮಿಕ್ಕದ್ದನ್ನು ನಿದ್ದೆ ತಿಂದಿತು.

ಇರಲಿ.
ಸವೆಯಲು ಶುರುವಾಯಿತು.